ಬೆನ್ನಿಲ್ಲದ ಬ್ಲೇಡು, ಅದನ್ನು ಮಸೆದ ಯಂತ್ರಗಳು

ಬ್ಲೇಡ್ ಮಸೆಯಲು ಒಂದು ಯಂತ್ರವೇ ಯಾಕೆ ಬೇಕಾಯಿತು ಎಂದು ತಿಳಿಯಬೇಕಾದರೆ, ಯಂತ್ರದ ಹಂಗೇ ಇಲ್ಲದ ಕತ್ತಿಯಿಂದ ಶುರು ಮಾಡಬೇಕು. ನನ್ನ ಕೈಯಲ್ಲಿರುವುದು ಹಳೆಯ ಕ್ಷೌರದ ಕತ್ತಿ, ಮಡಚುವಂಥದ್ದು. ನಿಮ್ಮಲ್ಲಿ ಹಿರಿಯರೆಲ್ಲ ಇದನ್ನು ನೋಡಿಯೇ ಇರುತ್ತೀರಿ. ಇದರ ಬೆನ್ನನ್ನು ಗಮನಿಸಿ. ಬಾಯಿ ಎಷ್ಟು ತೆಳುವೋ ಬೆನ್ನು ಅಷ್ಟೇ ದಪ್ಪ. ಐದಾರು ಮಿಲಿಮೀಟರ್ ಇದೆ.

ಬೆನ್ನು ದಪ್ಪ ಇರುವುದು ಕತ್ತಿ ಗಟ್ಟಿ ಇರಲಿ ಅಂತ ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಅದೂ ಹೌದು. ಆದರೆ ಅದಕ್ಕಿಂತ ದೊಡ್ಡ ಕೆಲಸ ಒಂದಿದೆ. ಕತ್ತಿಯನ್ನು ಸಾಣೆಕಲ್ಲಿನ ಮೇಲೆ ಮಲಗಿಸಿ ನೋಡಿ. ಬೆನ್ನೂ ಕಲ್ಲಿಗೆ ತಾಗುತ್ತದೆ, ಬಾಯಿಯೂ ತಾಗುತ್ತದೆ. ಮಸೆಯಬೇಕಾದ ಕೋನ ತಾನಾಗಿಯೇ ಸಿಕ್ಕಿಬಿಡುತ್ತದೆ. ಎರಡೂ ಬದಿ ಸೇರಿ ಸುಮಾರು 16 ಡಿಗ್ರಿ. ಕೈ ಅಳೆಯಬೇಕಿಲ್ಲ, ಕಣ್ಣು ಅಳೆಯಬೇಕಿಲ್ಲ. ವರ್ಷಗಟ್ಟಲೆ ಮಸೆದರೆ ಬಾಯಿ ಸವೆಯುತ್ತದೆ, ಜೊತೆಗೆ ಬೆನ್ನೂ ಸವೆಯುತ್ತದೆ. ಎರಡೂ ಒಟ್ಟಿಗೆ ಸವೆಯುವುದರಿಂದ ಕೋನ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಇದನ್ನು ಮೊದಲು ಯಾರು ಯೋಚಿಸಿದರೋ, ಅವರಿಗೆ ನನ್ನ ನಮಸ್ಕಾರ. ಅಳತೆಗೋಲನ್ನೇ ಉಪಕರಣದ ಮೈಯೊಳಗೆ ಇಟ್ಟಿದ್ದಾರೆ.

ಕಲ್ಲಿನ ಕೆಲಸ ಅಪರೂಪಕ್ಕೆ. ದಿನದಿನದ ಕೆಲಸ ಚರ್ಮದ ಪಟ್ಟಿಯ ಮೇಲೆ. ಕ್ಷೌರಿಕರು ಗೋಡೆಯ ಮೊಳೆಗೋ ಕುರ್ಚಿಗೋ ಪಟ್ಟಿಯ ಒಂದು ತುದಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದು, ಕತ್ತಿಯನ್ನು ಪಟಪಟ ಎಂದು ಆಚೆ ಈಚೆ ಆಡಿಸುತ್ತಿದ್ದರಲ್ಲ, ಅದು. ನಿಧಾನವಾಗಿ ನೋಡಿದರೆ ಅದರಲ್ಲಿ ಮೂರು ಸಂಗತಿ ಇವೆ. ಒಂದು, ಬೆನ್ನು ಚರ್ಮವನ್ನು ಬಿಡುವುದೇ ಇಲ್ಲ. ಎರಡು, ಕತ್ತಿ ಯಾವಾಗಲೂ ಬೆನ್ನು ಮುಂದಾಗಿ ಚಲಿಸುತ್ತದೆ, ಬಾಯಿ ಹಿಂದೆ ಬರುತ್ತದೆ. ಬಾಯಿ ಮುಂದಾದರೆ ಚರ್ಮ ಸೀಳಿಹೋಗುತ್ತದೆ. ಮೂರು, ತುದಿ ತಲುಪಿದಾಗ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಹರಿತವೆಲ್ಲ ಹೋಯಿತು. ಇವೆಲ್ಲದರ ಮೇಲೆ ಒತ್ತಡ ಹಗುರವಾಗಿರಬೇಕು. ಹಾಸಿಗೆಯ ಮೇಲೆ ಕೂತರೆ ಪಕ್ಕದ ಹತ್ತಿ ಉಬ್ಬುತ್ತದಲ್ಲ, ಜೋರಾಗಿ ಒತ್ತಿದರೆ ಚರ್ಮವೂ ಹಾಗೇ ಬಾಯಿಯ ಹಿಂದೆ ಉಬ್ಬುತ್ತದೆ. ಉಬ್ಬಿ, ಅಂಚನ್ನು ಉರುಟು ಮಾಡಿಬಿಡುತ್ತದೆ.

ಕೋನ, ದಿಕ್ಕು, ಹೊರಳಿಕೆ, ಒತ್ತಡ. ಈ ನಾಲ್ಕನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವತ್ತು ನಾನು ಹೇಳುವ ಯಂತ್ರಗಳೆಲ್ಲ ಒಬ್ಬ ಕ್ಷೌರಿಕನ ಮಣಿಕಟ್ಟು ಮಾಡುತ್ತಿದ್ದ ಈ ನಾಲ್ಕು ಕೆಲಸವನ್ನು ಗಾಲಿ, ಹಲ್ಲು, ಸ್ಪ್ರಿಂಗುಗಳಿಂದ ಮಾಡಿಸಲು ಹೊರಟವು. ಆ ಕೈಗೆಲಸ ಎಷ್ಟು ದೊಡ್ಡದು ಎನ್ನುವುದು ನನಗೆ ಗೊತ್ತಾಗಿದ್ದೇ ಈ ಯಂತ್ರಗಳನ್ನು ಬಿಚ್ಚಿ ನೋಡಿದ ಮೇಲೆ. ನಮ್ಮ ಸವಿತಾ ಸಮಾಜದ ಹಿರಿಯರು ಹುಡುಗರಿಗೆ ಕತ್ತಿ ಕೊಡುವ ಮೊದಲು ಚರ್ಮದ ಪಟ್ಟಿಯ ಮೇಲೆ ಕೈ ಪಳಗಿಸುತ್ತಿದ್ದರು. ಅದನ್ನು ನಾವು ವಿದ್ಯೆ ಎಂದು ಕರೆಯಲೇ ಇಲ್ಲ. ಕರೆಯಬೇಕಿತ್ತು.

ಈಗ ಅಮೆರಿಕಕ್ಕೆ ಹೋಗೋಣ. ಮನೆಯಲ್ಲೇ ಶೇವ್ ಮಾಡಿಕೊಳ್ಳುವವರಿಗೆ ಉದ್ದ ಕತ್ತಿ ಅಂದರೆ ಭಯ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್‌ಫೆ ಸಹೋದರರು ಒಂದು ಸೇಫ್ಟಿ ರೇಜರಿಗೆ ಪೇಟೆಂಟ್ ಪಡೆದರು. ಅದು ‘ಸ್ಟಾರ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಹಳೆ ಕತ್ತಿಯ ಒಂದು ಸಣ್ಣ ತುಂಡನ್ನು ಹಿಡಿಕೆಯ ಮೇಲೆ ಅಡ್ಡಲಾಗಿ ಕೂರಿಸಿ, ಮುಂದೆ ಒಂದು ತಡೆ ಇಟ್ಟಂತೆ ಅದರ ರಚನೆ. ಮುಖ ಕೊಯ್ದುಕೊಳ್ಳುವ ಭಯ ತಗ್ಗಿತು. ಆದರೆ ಆ ತುಂಡನ್ನು ದಿನವೂ ಚರ್ಮದ ಮೇಲೆ ತಿಕ್ಕಬೇಕಿತ್ತು. ಬೆನ್ನು ಇತ್ತು, ಹಿಡಿದುಕೊಳ್ಳಲು ಜಾಗವೇ ಇರಲಿಲ್ಲ. ಹಾಗಾಗಿ ಅದನ್ನು ಸಿಕ್ಕಿಸಿಕೊಳ್ಳುವ ಬೇರೆ ಹಿಡಿಕೆಗಳು ಬಂದವು. ಆಮೇಲೆ ಸಣ್ಣ ಗಾಲಿಯ ಯಂತ್ರಗಳೂ ಬಂದವು. ಮಸೆಯುವ ಯಂತ್ರದ ಕತೆ ಶುರುವಾಗುವುದು ಇಲ್ಲಿ.

ಅದನ್ನು ಮುಗಿಸಿಬಿಡುತ್ತೇನೆ ಎಂದು ಬಂದವರು ಕಿಂಗ್ ಕ್ಯಾಂಪ್ ಜಿಲೆಟ್. ಇವರ ಬಗ್ಗೆ ಸ್ವಲ್ಪ ಹೇಳಲೇಬೇಕು. 1855ರಲ್ಲಿ ಹುಟ್ಟಿದವರು, ಊರೂರು ತಿರುಗುವ ಸೇಲ್ಸ್‌ಮ್ಯಾನ್. ಬಾಟಲಿಯ ಲೋಹದ ಮುಚ್ಚಳ ಕಂಡುಹಿಡಿದ ವಿಲಿಯಂ ಪೇಂಟರ್ ಅವರ ಕಂಪನಿಯಲ್ಲಿ ಕೆಲಸ. ಒಮ್ಮೆ ಬಳಸಿ ಬಿಸಾಕುವ ವಸ್ತು ಮಾಡು, ಗಿರಾಕಿ ಮತ್ತೆ ಮತ್ತೆ ಬರುತ್ತಾನೆ ಎಂದು ಪೇಂಟರ್ ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು. ಇದೇ ಮನುಷ್ಯ ಇನ್ನೊಂದು ಕಡೆ, ಪೈಪೋಟಿಯೇ ಇಲ್ಲದ ಸಮಾಜ ಕಟ್ಟಬೇಕು, ಅಮೆರಿಕದ ಜನರೆಲ್ಲ ನಯಾಗರಾ ಜಲಪಾತದ ವಿದ್ಯುತ್ತಿನಿಂದ ನಡೆಯುವ ಒಂದೇ ಮಹಾನಗರದಲ್ಲಿ ಒಟ್ಟಿಗೆ ಬಾಳಬೇಕು ಎಂದು ಬರೆದವರು. ಹಾಗೆ ಬರೆದವರ ಮುಖವೇ ಮುಂದೆ ಲಕ್ಷಾಂತರ ಬ್ಲೇಡ್ ಕಾಗದದ ಮೇಲೆ ಅಚ್ಚಾಗಿ ಜಗತ್ತು ಸುತ್ತಿತು.

1895ರಲ್ಲಿ ಅವರಿಗೆ ಯೋಚನೆ ಹೊಳೆಯಿತು. ದಪ್ಪ ಬೆನ್ನು ಯಾಕೆ? ಕತ್ತರಿಸುವುದು ಬಾಯಿ ತಾನೇ? ಉಕ್ಕಿನ ತೆಳು ಹಾಳೆಗೆ ಎರಡೂ ಕಡೆ ಬಾಯಿ ಕೊಟ್ಟರೆ ಸಾಕಲ್ಲ? ಹಿಡಿದುಕೊಳ್ಳುವ ಕೆಲಸ ರೇಜರಿನದು. ಮೊಂಡಾದರೆ ಬಿಸಾಡಿ, ಹೊಸದು ಹಾಕಿ. ಕೇಳಲು ಸುಲಭ. ಆದರೆ ಅಷ್ಟು ತೆಳು ಹಾಳೆಯನ್ನು ಕಾಸಿ, ತಣಿಸಿ, ಹದ ಮಾಡಿದರೆ ಅದು ಸೊಟ್ಟಗಾಗುತ್ತದೆ, ಸುಕ್ಕುತ್ತದೆ. ಇದು ಆಗದ ಕೆಲಸ ಎಂದು ಉಕ್ಕು ಬಲ್ಲವರು ಹೇಳಿದ್ದರು. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲಿ ಓದಿದ ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ವರ್ಷಗಟ್ಟಲೆ ಕೂತು ಹದ ಮಾಡುವ ವಿಧಾನವನ್ನೂ ಸಾಣೆಯ ಯಂತ್ರಗಳನ್ನೂ ರೂಪಿಸಿದರು. ಜಿಲೆಟ್ ಹೆಸರು ಎಲ್ಲರಿಗೂ ಗೊತ್ತು, ನಿಕರ್ಸನ್ ಹೆಸರು ಯಾರಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಬ್ಲೇಡ್ ನಿಕರ್ಸನ್ ಅವರದು.

1901ರಲ್ಲಿ ಕಂಪನಿ ಶುರುವಾಯಿತು. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಅಷ್ಟೇ. ಮರುವರ್ಷ ರೇಜರುಗಳೇ 90,000 ದಾಟಿದವು. ಆ ವರ್ಷ, 1904ರ ನವೆಂಬರ್ 15ರಂದು, ಪೇಟೆಂಟೂ ಸಿಕ್ಕಿತು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ಎರಡೇ ಮಾತು: ಚರ್ಮಕ್ಕೆ ತಿಕ್ಕಬೇಕಿಲ್ಲ, ಕಲ್ಲಿಗೆ ಮಸೆಯಬೇಕಿಲ್ಲ.

ಆದರೆ ಜನ ಮಸೆದರು. ಬಿಸಾಡಿ ಎಂದು ಹೇಳಿದ ವಸ್ತುವನ್ನು ಬಿಸಾಡಲು ಜನರಿಗೆ ಮನಸ್ಸು ಬರಲಿಲ್ಲ. ರೇಜರಿನ ಬೆಲೆ 5 ಡಾಲರ್, ಆಗಿನ ಒಬ್ಬ ಕೂಲಿಗಾರನಿಗೆ ಹಲವು ದಿನಗಳ ದುಡಿಮೆ. ಬ್ಲೇಡಿನ ಬೆಲೆಯೂ ಆ ಕಾಲಕ್ಕೆ ಸುಮ್ನೆ ಕೈಬಿಡುವಂಥದ್ದಲ್ಲ. ಅಪ್ಪ, ಅಜ್ಜ ಜೀವನವಿಡೀ ಒಂದೇ ಕತ್ತಿ ಬಳಸಿದವರು. ಇವರು ವಾರಕ್ಕೊಂದು ಉಕ್ಕಿನ ತುಂಡು ಎಸೆಯಬೇಕೆ? ಉಕ್ಕು ಅಂದರೆ ಮಸೆಯುವ ವಸ್ತು ಎಂಬ ತಿಳುವಳಿಕೆ ಸಾವಿರಾರು ವರ್ಷದ್ದು. ಅದು ಒಂದು ಜಾಹೀರಾತಿಗೆ ಹೋಗುವುದಿಲ್ಲ.

ಅಲ್ಲಿಗೆ ಸಮಸ್ಯೆ ಎದ್ದಿತು. ಜಿಲೆಟ್ ಬ್ಲೇಡಿಗೆ ಬೆನ್ನಿಲ್ಲ. ಅದನ್ನು ಚರ್ಮದ ಮೇಲೆ ಮಲಗಿಸಿದರೆ ಕೋನವೇ ಇಲ್ಲ, ಪೂರ್ತಿ ಚಪ್ಪಟೆ. ಎತ್ತಿ ಹಿಡಿದರೆ ಎಷ್ಟು ಎತ್ತಬೇಕು ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ತೆಳು ಹಾಳೆ ಬಾಗುತ್ತದೆ, ಅದೂ ಎರಡೂ ಕಡೆ ಬಾಯಿ ಇರುವ ಹಾಳೆ. ಬೆರಳೇ ಕೊಯ್ಯುತ್ತದೆ. ಕೈಯಿಂದ ಆಗದ ಕೆಲಸ ಇದು. ಅದಕ್ಕೇ ಯಂತ್ರ ಬೇಕಾಯಿತು. ಹಳೆ ಕತ್ತಿಯಿಂದ ಕಿತ್ತುಹಾಕಿದ ಬೆನ್ನನ್ನು ಈ ಯಂತ್ರಗಳು ಹೊರಗಿನಿಂದ ತಂದು ಸೇರಿಸಿದವು.

ಇದಕ್ಕೆ ತೀರಾ ಬೇರೆ ದಾರಿಯಲ್ಲಿ ಉತ್ತರ ಕೊಟ್ಟವರು ಹೆನ್ರಿ ಗೈಸ್‌ಮನ್. ಬ್ಲೇಡನ್ನು ರೇಜರಿನಿಂದ ತೆಗೆದು ಇನ್ನೊಂದು ಯಂತ್ರಕ್ಕೆ ಹಾಕುವುದು ಯಾಕೆ, ರೇಜರೇ ಯಂತ್ರವಾಗಲಿ ಎಂದರು. ಅವರ ‘ಆಟೋಸ್ಟ್ರಾಪ್’ ರೇಜರಿನ ತಲೆಯೊಳಗೆ ಒಂದು ಸಂದು, ಅದರೊಳಗೆ ಸಣ್ಣ ಉರುಳೆಗಳು. ಚರ್ಮದ ಪಟ್ಟಿಯನ್ನು ಆ ಸಂದಿನೊಳಗೆ ತೂರಿಸಿ, ತುದಿಯನ್ನು ಕೊಕ್ಕೆಗೆ ಹಾಕಿ, ರೇಜರನ್ನು ಹಿಂದೆ ಮುಂದೆ ಎಳೆದರೆ ಆಯಿತು. ಪಟ್ಟಿ ಉರುಳೆಯನ್ನು ತಿರುಗಿಸುತ್ತದೆ. ದಿಕ್ಕು ಬದಲಾದ ಕೂಡಲೆ ಉರುಳೆಯೂ ತಿರುಗಿ ಬೀಳುತ್ತದೆ, ಬ್ಲೇಡ್ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಬಾಯಿ ಯಾವಾಗಲೂ ಹಿಂದೆಯೇ ಬರುತ್ತದೆ. ಆ ಮೊದಲಿನ ನಾಲ್ಕನ್ನು ನೆನಪಿಸಿಕೊಳ್ಳಿ. ಕೋನ, ದಿಕ್ಕು, ಹೊರಳಿಕೆ ಮೂರೂ ಇದರಲ್ಲಿ ಬಂದುಬಿಟ್ಟವು. ಒತ್ತಡವನ್ನೂ ಸ್ಪ್ರಿಂಗೇ ನೋಡಿಕೊಳ್ಳುತ್ತದೆ. ಬ್ಲೇಡ್ ತೆಗೆಯದೆ ತೊಳೆಯಬಹುದು, ಒರೆಸಬಹುದು. ಈ ಬಗೆಯ ಎಲ್ಲ ಯಂತ್ರಗಳಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಇದೇ. ತೀರಾ ಕಡಿಮೆ ಭಾಗಗಳು, ಎಲ್ಲವೂ ಎರಡೆರಡು ಕೆಲಸ ಮಾಡುತ್ತವೆ.

ಗೈಸ್‌ಮನ್ ಸಾಮಾನ್ಯ ತಲೆಯಲ್ಲ. ಫೋಟೋ ತೆಗೆದ ಕೂಡಲೆ ಫಿಲ್ಮಿನ ಅಂಚಿನಲ್ಲೇ ತಾರೀಖು, ಟಿಪ್ಪಣಿ ಬರೆಯುವ ಕ್ಯಾಮೆರಾ ಕಂಡುಹಿಡಿದು, 1914ರಲ್ಲಿ ಅದರ ಹಕ್ಕನ್ನು ಕೊಡಾಕ್ ಕಂಪನಿಗೆ 3,00,000 ಡಾಲರಿಗೆ ಮಾರಿದ್ದರು. ಮುಂದೆ ಜಿಲೆಟ್ ರೇಜರಿಗೂ ಹೊಂದುವಂಥ ಹೊಸ ಬ್ಲೇಡ್ ತಂದರು. ಪೇಟೆಂಟ್ ಜಗಳ ಎದ್ದಿತು. ಕೊನೆಗೆ 1930ರಲ್ಲಿ ಎರಡೂ ಕಂಪನಿ ಒಂದಾದವು. ಒಂದಾಗುವ ಹೊತ್ತಿಗೆ ಲೆಕ್ಕ ತೆಗೆದು ನೋಡಿದರೆ, ಜಿಲೆಟ್ ಕಂಪನಿ ಹಲವು ವರ್ಷ ಲಾಭವನ್ನು ಹೆಚ್ಚಿಗೆ ತೋರಿಸಿತ್ತು. ಗೈಸ್‌ಮನ್ ಚೇರ್ಮನ್ ಆದರು. ಅಂದರೆ, ಮಸೆಯಬೇಕಿಲ್ಲ ಎಂದು ಹೇಳಿದ ಕಂಪನಿಯ ಕುರ್ಚಿಯಲ್ಲಿ ಮಸೆಯುವ ರೇಜರಿನ ಒಡೆಯ ಕೂತರು. ಕಿಂಗ್ ಜಿಲೆಟ್ 1932ರಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಆಸ್ತಿಯ ದೊಡ್ಡ ಭಾಗ ಕರಗಿತ್ತು. ಗೈಸ್‌ಮನ್ ನೂರು ದಾಟಿ ಬದುಕಿ 1974ರಲ್ಲಿ ತೀರಿಕೊಂಡರು.

ಎರಡು ಬಾಯಿಯ ಜಿಲೆಟ್ ಬ್ಲೇಡಿಗಾಗಿಯೇ ಬಂದ ಯಂತ್ರಗಳದು ಬೇರೆ ಗುಂಪು. ಅಮೆರಿಕದ ಸೇಂಟ್ ಲೂಯಿಸ್ ಊರಿನಿಂದಲೇ ಎರಡು ಹೆಸರಾದ ಯಂತ್ರಗಳು ಬಂದವು, ‘ಟ್ವಿನ್‌ಪ್ಲೆಕ್ಸ್’ ಮತ್ತು ‘ಕ್ರಿಸ್ ಕ್ರಾಸ್’. ಟ್ವಿನ್‌ಪ್ಲೆಕ್ಸಿನಲ್ಲಿ ಚರ್ಮ ಸುತ್ತಿದ ಎರಡು ಉರುಳೆ, ನಡುವೆ ಬ್ಲೇಡ್, ಪಕ್ಕದಲ್ಲಿ ತಿರುಗಿಸುವ ಹಿಡಿ. ಎರಡು ಅಂಚಿಗೂ ಏಕಕಾಲಕ್ಕೆ ಕೆಲಸ. ಕ್ರಿಸ್ ಕ್ರಾಸ್ ಒತ್ತಡದ ಬಗ್ಗೆ ತಲೆ ಕೆಡಿಸಿಕೊಂಡಿತು. ತಿರುಗಿಸುತ್ತಾ ಹೋದಂತೆ ಬ್ಲೇಡಿನ ಮೇಲಿನ ಒತ್ತಡ ತಾನಾಗಿಯೇ ಕಡಿಮೆಯಾಗುತ್ತದೆ ಎನ್ನುವುದೇ ಅದರ ಜಾಹೀರಾತಿನ ಮುಖ್ಯ ಮಾತು. ಅದು ಬರೀ ಮಾರಾಟದ ಮಾತಲ್ಲ. ಒಳ್ಳೆಯ ಕ್ಷೌರಿಕರು ಮಾಡುತ್ತಿದ್ದದ್ದೂ ಅದನ್ನೇ, ಮೊದಲು ಸ್ವಲ್ಪ ಭಾರ, ಕೊನೆಯ ಎಳೆತಗಳು ಗಾಳಿಯಂತೆ ಹಗುರ. ಆ ಯಂತ್ರ ಮಾಡಿದವರು ಯಾರೋ ಒಬ್ಬ ಕ್ಷೌರಿಕರ ಕೈಯನ್ನು ಚೆನ್ನಾಗಿ ನೋಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಈಗ ಈ ನಿಕ್ಕಲ್ ಪೆಟ್ಟಿಗೆ ನೋಡಿ. ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಕೈಗೆ ಭಾರ. ಇದು ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ತಯಾರಾದ ‘ರೋಲ್ಸ್ ರೇಜರ್’. ಕಾರಿನ ರೋಲ್ಸಿಗೂ ಇದಕ್ಕೂ ಸಂಬಂಧವಿಲ್ಲ. 1920ರ ದಶಕದ ಕೊನೆಯಿಂದ 1950ರ ದಶಕದವರೆಗೂ ಇದು ಒಂದು ಗೌರವದ ವಸ್ತು. ಮೇಲೊಂದು ಮುಚ್ಚಳ, ಕೆಳಗೊಂದು ಮುಚ್ಚಳ. ಒಂದರ ಒಳಮೈಗೆ ಚರ್ಮ, ಇನ್ನೊಂದರ ಒಳಮೈಗೆ ಕಲ್ಲು. ನಡುವಿನ ಚೌಕಟ್ಟಿನಲ್ಲಿ ಬ್ಲೇಡ್ ಕೂರುತ್ತದೆ. ಈ ಬ್ಲೇಡಿಗೆ ಬೆನ್ನಿದೆ, ಅದನ್ನು ಗಮನಿಸಿ. ಹಳೆ ಕತ್ತಿಯ ಸಣ್ಣ ತಮ್ಮನಂತಿದೆ. ಹಿಡಿಯನ್ನು ಹಿಂದೆ ಮುಂದೆ ನೂಕಿದರೆ... ಕೇಳಿಸಿತಾ ಸದ್ದು? ಕ್ಲಾಕ್, ಕ್ಲಾಕ್. ಪ್ರತಿ ಸಲ ದಿಕ್ಕು ಬದಲಾದಾಗ ಬ್ಲೇಡ್ ಹೊರಳಿ ಬೀಳುವ ಸದ್ದು ಅದು. ದಿನವೂ ಶೇವಿಂಗಿಗೆ ಮೊದಲು ಚರ್ಮದ ಮೇಲೆ ಒಂದಷ್ಟು ಎಳೆತ. ಹರಿತ ಇಳಿದಾಗ ಮಾತ್ರ ಕಲ್ಲಿನ ಮೇಲೆ. ಆಮೇಲೆ ಬ್ಲೇಡನ್ನು ತೆಗೆದು, ಪೆಟ್ಟಿಗೆಯಲ್ಲೇ ಇರುವ ಹಿಡಿಕೆಗೆ ಸಿಕ್ಕಿಸಿ ಶೇವ್ ಮಾಡಿಕೊಳ್ಳುವುದು. ಒಂದೇ ಬ್ಲೇಡು ವರ್ಷಗಟ್ಟಲೆ. ಇಡೀ ಕ್ಷೌರದ ಅಂಗಡಿಯ ಮಸೆಯುವ ವ್ಯವಸ್ಥೆ ಅಂಗೈಯಲ್ಲಿ ಹಿಡಿಯುವಷ್ಟು ಜಾಗದಲ್ಲಿ ಬಂದು ಕೂತಿದೆ.

ಕತ್ತಿ, ಖಡ್ಗ ಮಾಡುತ್ತಿದ್ದ ವಿಲ್ಕಿನ್ಸನ್ ಸ್ವೋರ್ಡ್ ಕಂಪನಿಯೂ ಇದೇ ಕಾಲದಲ್ಲಿ ಮಸೆಯುವ ವ್ಯವಸ್ಥೆ ಒಳಗೇ ಇರುವ ರೇಜರ್ ಮಾಡಿತು. ವಾರದ ಏಳು ದಿನಕ್ಕೆ ಏಳು ಬ್ಲೇಡು, ಒಂದೊಂದರ ಮೇಲೂ ದಿನದ ಹೆಸರು. ಸ್ವಿಟ್ಜರ್ಲೆಂಡಿನ ಲುಸರ್ನ್ ಬಳಿಯ ಎಮ್ಮೆನ್‌ಬ್ರೂಕೆಯಲ್ಲಿ ತಯಾರಾಗುತ್ತಿದ್ದ ‘ಅಲೆಗ್ರೋ’ ಬೇರೆ ರೀತಿ. ತೆಳು ಬ್ಲೇಡನ್ನು ಹಿಡಿಯಲ್ಲಿ ಸಿಕ್ಕಿಸಿ, ಒಂದು ಬದಿ ಕಲ್ಲು ಒಂದು ಬದಿ ಚರ್ಮ ಇರುವ ಹಾಸಿನ ಮೇಲೆ ಓಡಿಸುವುದು. ಗಡಿಯಾರದ ನಾಡಿನ ಕೆಲಸ, ಅಚ್ಚುಕಟ್ಟು.

ಯಂತ್ರ ಕೊಳ್ಳಲಾಗದವರು ಏನು ಮಾಡಿದರು? ಗಾಜಿನ ಲೋಟ ಹಿಡಿದರು. ನಯವಾದ ಲೋಟದ ಒಳಮೈಗೆ ಬ್ಲೇಡನ್ನು ಒತ್ತಿ, ಬೆರಳ ತುದಿಯಿಂದ ಆಚೆ ಈಚೆ ತಿಕ್ಕುವುದು. ಲೋಟದ ಒಳಗಿನ ಬಾಗು ಇದೆಯಲ್ಲ, ಅದೇ ಕೋನ ಕೊಡುತ್ತದೆ. ಬ್ಲೇಡಿನ ನಡುಭಾಗ ಗಾಜಿಗೆ ತಾಗುವುದಿಲ್ಲ, ಎರಡು ಅಂಚು ಮಾತ್ರ ತಾಗುತ್ತವೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಬಾಗಿದ ಗಾಜಿನ ಬಿಲ್ಲೆಗಳನ್ನು ಮಾರುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಉಕ್ಕೆಲ್ಲ ಯುದ್ಧಕ್ಕೆ ಹೋಗಿ ಬ್ಲೇಡಿಗೂ ಬರ ಬಂದಾಗ ಇಂಥ ಉಪಾಯಗಳೇ ಗತಿಯಾದವು. ಲೋಟದ ಉಪಾಯ ಸುಮ್ನೆ ನಂಬಿಕೆ ಅಲ್ಲ. ಕೋನ ಸಿಗುತ್ತದೆ, ಗಾಜು ಉಕ್ಕಿನ ಅಂಚನ್ನು ನೆಟ್ಟಗೆ ಮಾಡುವಷ್ಟು ಗಟ್ಟಿ. ದುಡ್ಡಿಲ್ಲದವರು ಕಂಡುಕೊಂಡದ್ದು ಎಂಬ ಕಾರಣಕ್ಕೆ ಇದನ್ನು ತಂತ್ರಜ್ಞಾನದ ಇತಿಹಾಸದಿಂದ ಬಿಡಬಾರದು.

ಸಭೆಯಿಂದ ಒಬ್ಬರು ಕೇಳುತ್ತಿದ್ದಾರೆ, ಪಿರಮಿಡ್ಡಿನೊಳಗೆ ಇಟ್ಟರೆ ಬ್ಲೇಡ್ ಹರಿತವಾಗುತ್ತದೆ ಅಂತಾರಲ್ಲ, ಅದು ನಿಜವಾ ಎಂದು. ಪ್ರಾಗ್ ನಗರದ ಕಾರೆಲ್ ದ್ರ್‌ಬಲ್ ಎಂಬ ರೇಡಿಯೋ ಎಂಜಿನಿಯರ್ 1949ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು ನಿಜ. ಹತ್ತು ವರ್ಷದ ನಂತರ, 1959ರಲ್ಲಿ, ಆಗಿನ ಚೆಕೊಸ್ಲೊವಾಕಿಯಾ ಅದನ್ನು ಕೊಟ್ಟದ್ದೂ ನಿಜ. ಆದರೆ ಪೇಟೆಂಟ್ ಸಿಕ್ಕಿತು ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಲ್ಲ. ರಟ್ಟಿನ ಪಿರಮಿಡ್ಡು ಉಕ್ಕಿಗೆ ಏನೋ ಶಕ್ತಿ ಕೊಡುತ್ತದೆ ಎಂಬುದಕ್ಕೆ ಒಪ್ಪುವಂಥ ಪುರಾವೆ ಇಲ್ಲ. ಬ್ಲೇಡನ್ನು ಒಣಗಿಸಿ ಇಟ್ಟರೆ ಹೆಚ್ಚು ದಿನ ಬರುತ್ತದೆ, ಅದು ಹೌದು. ಹಳೆಯ ಬ್ಲೇಡುಗಳು ಸಾದಾ ಕಾರ್ಬನ್ ಉಕ್ಕು. ಅಂಚಿನಲ್ಲಿ ಒಂದು ಹನಿ ನಿಂತರೂ ತುಕ್ಕು. ನಮ್ಮ ಮಂಗಳೂರು, ಕಾರವಾರದ ಕಡೆಯ ಗಾಳಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಹಾಗಾದರೆ ಈ ಯಂತ್ರಗಳು ನಿಜಕ್ಕೂ ಎಷ್ಟು ಕೆಲಸ ಮಾಡುತ್ತಿದ್ದವು? ಇದಕ್ಕೆ ಉತ್ತರ ಬೇಕಾದರೆ ಬ್ಲೇಡ್ ಮೊಂಡಾಗುವುದು ಹೇಗೆ ಎಂದು ಕೇಳಬೇಕು. ಒಂದು ಕೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು, ಅಥವಾ ಅದರ ಅರ್ಧ. ಒಳ್ಳೆಯ ಹೊಸ ಬ್ಲೇಡಿನ ಅಂಚು ಅದರ ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು. ಅಷ್ಟು ತೆಳುವಾದ ಉಕ್ಕು ಒಂದು ಬದಿಗೆ ಬಾಗಬಹುದು, ಮಡಚಬಹುದು. ತುಕ್ಕು ತಿನ್ನಬಹುದು. ಇಲ್ಲವೇ ಚೂರು ಹಾರಬಹುದು.

ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ. ಆದರೂ ಕೂದಲು ಉಕ್ಕನ್ನು ಸೋಲಿಸುತ್ತದೆ. ಇದು ಹೇಗೆ ಎಂದು 2020ರಲ್ಲಿ ಎಂಐಟಿಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಜಿಯಾನ್‌ಲೂಕಾ ರೊಸ್ಸಿಯೋಲಿ ಎಂಬ ಯುವ ಸಂಶೋಧಕ ತಾನೇ ಶೇವ್ ಮಾಡಿಕೊಂಡು, ಬ್ಲೇಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದರು. ಅಂಚು ಸಮವಾಗಿ ಸವೆದಿರಲಿಲ್ಲ. ಅಲ್ಲಲ್ಲಿ ಚೂರು ಹಾರಿತ್ತು. ಆಮೇಲೆ ಮೈಕ್ರೋಸ್ಕೋಪಿನ ಒಳಗೇ ಕೂದಲು ಕತ್ತರಿಸುವ ಸಣ್ಣ ಸಾಧನ ಮಾಡಿ, ಅದು ಆಗುವುದನ್ನು ಕಣ್ಣಾರೆ ಕಂಡರು. ಬ್ಲೇಡ್ ಓರೆಯಾಗಿ ಬಂದು ಕೂದಲು ಬಾಗಿದಾಗ, ಉಕ್ಕಿನ ಒಳರಚನೆ ಅಲ್ಲಿ ಒಂದೇ ಸಮ ಇಲ್ಲದಿದ್ದಾಗ, ಕೂದಲಿನ ಮಗ್ಗುಲು ಸರಿಯಾಗಿ ಆ ದುರ್ಬಲ ಜಾಗಕ್ಕೆ ಬಿದ್ದಾಗ, ಮೂರೂ ಕೂಡಿ ಬಂದರೆ ಚೂರು ಹಾರುತ್ತದೆ.

ಈಗ ಯಂತ್ರಕ್ಕೆ ಮರಳೋಣ. ಚರ್ಮ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ. ಕ್ರೋಮಿಯಂ ಆಕ್ಸೈಡಿನ ಹಸಿರು ಪೇಸ್ಟ್ ಅಥವಾ ಕಬ್ಬಿಣದ ಆಕ್ಸೈಡಿನ ಕೆಂಪು ಪೇಸ್ಟ್ ಹಚ್ಚಿದ್ದರೆ ಸ್ವಲ್ಪ ಉಜ್ಜುತ್ತದೆ, ಶುರುವಾದ ತುಕ್ಕನ್ನೂ ತೆಗೆಯುತ್ತದೆ. ಆದರೆ ಹಾರಿದ ಚೂರನ್ನು ಚರ್ಮ ಮರಳಿ ತರುವುದಿಲ್ಲ. ಅದಕ್ಕೆ ಕಲ್ಲು ಬೇಕು, ಚೂರು ಹಾರಿದ ಆಳದವರೆಗೂ ಅಂಚನ್ನು ಸವೆಸಬೇಕು. ದಪ್ಪ ಬೆನ್ನಿನ ಕತ್ತಿಗೆ ಸವೆಸಲು ಉಕ್ಕಿದೆ. ತೆಳು ಹಾಳೆಗೆ ಎಲ್ಲಿದೆ? ಹಾಗಾಗಿ ರೋಲ್ಸ್ ರೇಜರಿನ ಬ್ಲೇಡ್ ವರ್ಷಗಟ್ಟಲೆ ಬಂದದ್ದೂ ನಿಜ, ಟ್ವಿನ್‌ಪ್ಲೆಕ್ಸಿಗೆ ಹಾಕಿದ ತೆಳು ಬ್ಲೇಡ್ ಒಂದಷ್ಟು ಹೆಚ್ಚು ಶೇವ್ ಕೊಟ್ಟು ಕೊನೆಗೆ ಕೈಬಿಟ್ಟದ್ದೂ ನಿಜ. ಯಂತ್ರಗಳು ಮೋಸವಾಗಿರಲಿಲ್ಲ. ತೆಳು ಬ್ಲೇಡಿನ ವಿಷಯದಲ್ಲಿ ಅವುಗಳ ಕೈಯಲ್ಲಿ ಆಗುವ ಕೆಲಸಕ್ಕೆ ಒಂದು ಮಿತಿ ಇತ್ತು.

ಒಂದು ಅಡ್ಡ ಮಾತು ಹೇಳಿಬಿಡುತ್ತೇನೆ. ನಮ್ಮ ಬೀದಿಗಳಲ್ಲಿ ಸೈಕಲ್ಲಿನ ಮೇಲೆ ಕೂತು ಪೆಡಲ್ ತುಳಿದು ಚಾಕು, ಕತ್ತರಿ ಸಾಣೆ ಹಿಡಿಯುವವರು ಬರುತ್ತಾರಲ್ಲ, ಅವರ ಹತ್ತಿರ ಬ್ಲೇಡ್ ಕೊಟ್ಟರೆ ಆಗದೇ? ಆಗುವುದಿಲ್ಲ. ತಿರುಗುವ ಒಣ ಚಕ್ರ ಕಿಡಿ ಹಾರಿಸುತ್ತದೆ. ಚಾಕುವಿನ ದಪ್ಪ ಆ ಬಿಸಿಯನ್ನು ಹೀರಿಕೊಳ್ಳುತ್ತದೆ. ಬ್ಲೇಡಿನ ಅಂಚಿಗೆ ಆ ದಪ್ಪವಿಲ್ಲ. ಕ್ಷಣದಲ್ಲಿ ಕಾದು, ನೀಲಿ ಬಣ್ಣಕ್ಕೆ ತಿರುಗಿ, ಹದ ಕಳೆದುಕೊಂಡು ಮೆತ್ತಗಾಗುತ್ತದೆ. ಈ ಯಂತ್ರಗಳೆಲ್ಲ ನಿಧಾನಕ್ಕೆ, ಕೈಯ ವೇಗದಲ್ಲೇ ಓಡುವುದು ಒಳ್ಳೆಯದಾಗಿದ್ದಕ್ಕೆ ಅದೂ ಒಂದು ಕಾರಣ.

ಹಾಗಿದ್ದರೆ ಇವು ಎಲ್ಲಿ ಹೋದವು? ಯಾವುದೋ ಇನ್ನೂ ಒಳ್ಳೆಯ ಮಸೆಯುವ ಯಂತ್ರ ಬಂದು ಇವನ್ನು ಓಡಿಸಲಿಲ್ಲ. ಬ್ಲೇಡೇ ಬದಲಾಯಿತು. 1960ರ ದಶಕದ ಆರಂಭದಲ್ಲಿ ವಿಲ್ಕಿನ್ಸನ್ ಸ್ವೋರ್ಡ್ ಸ್ಟೇನ್‌ಲೆಸ್ ಬ್ಲೇಡ್ ತಂದಿತು. ತುಕ್ಕಿನ ಕಾಟ ಹೋಯಿತು, ಒಂದು ಬ್ಲೇಡು ಮೊದಲಿಗಿಂತ ಎಷ್ಟೋ ಹೆಚ್ಚು ದಿನ ಬಂತು. ಜಿಲೆಟ್ ಕೂಡ 1963ರಲ್ಲಿ ಅದೇ ದಾರಿ ಹಿಡಿಯಬೇಕಾಯಿತು. ಅಂಚಿನ ಮೇಲೆ ಕ್ರೋಮಿಯಂ, ಪ್ಲಾಟಿನಂ ಲೇಪನ ಬಂತು. ಅದರ ಮೇಲೆ ನಮ್ಮ ದೋಸೆ ತವಾದ ಮೇಲಿರುವ ಟೆಫ್ಲಾನಿನ ತೀರಾ ತೆಳು ಪದರ ಬಂತು. ಕೂದಲಿನ ಮೇಲೆ ನಯವಾಗಿ ಜಾರುವುದು ಆ ಪದರದಿಂದಲೇ. ಇಂಥ ಬ್ಲೇಡನ್ನು ಚರ್ಮಕ್ಕೆ ತಿಕ್ಕಿದರೆ ಉಕ್ಕು ಹರಿತವಾಗುವ ಮೊದಲೇ ಲೇಪನ ಹೋಗುತ್ತದೆ. ಅಂದರೆ ಮಸೆದರೆ ಕೆಡುವ ಕತ್ತಿ ಬಂತು. ಲೋಹದ ಇತಿಹಾಸದಲ್ಲಿ ಇದು ಹೊಸದು. ಜೊತೆಗೆ ಬೆಲೆ ಇಳಿಯಿತು. ಐದು ನಿಮಿಷದ ಕೆಲಸಕ್ಕಿಂತ ಹೊಸ ಬ್ಲೇಡೇ ಅಗ್ಗವಾಯಿತು.

ರೋಲ್ಸ್ ರೇಜರ್ ಕಂಪನಿಯ ಕೊನೆ ಕೇಳಿದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ. ರೇಜರ್ ವ್ಯಾಪಾರ ಕುಸಿದ ಮೇಲೆ ಜಾನ್ ಬ್ಲೂಮ್ ಎಂಬ ಉದ್ಯಮಿಯ ಕೈಗೆ ಅದು ಹೋಯಿತು. ಅವರು ಅದೇ ಹೆಸರಿನಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ಅಂಗಡಿಯ ಹಂಗಿಲ್ಲದೆ ನೇರ ಮನೆಗಳಿಗೆ ಅಗ್ಗದ ದರಕ್ಕೆ ಮಾರಿದರು. ಕೆಲವು ವರ್ಷ ಭರಾಟೆ. 1964ರ ಬೇಸಿಗೆಯಲ್ಲಿ ಕಂಪನಿ ದಿವಾಳಿಯಾಗಿ ಬ್ರಿಟನ್ನಿನಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಒಂದೇ ಬ್ಲೇಡನ್ನು ಜೀವನವಿಡೀ ಬಳಸಿ ಎಂದು ಹೇಳುತ್ತಿದ್ದ ಹೆಸರು ಐದಾರು ವರ್ಷದ ವ್ಯಾಪಾರದಲ್ಲಿ ಮುಗಿದುಹೋಯಿತು.

ನಮ್ಮಲ್ಲಿ ಸಲೂನುಗಳಿಂದ ಉದ್ದ ಕತ್ತಿ, ಚರ್ಮದ ಪಟ್ಟಿ ಮರೆಯಾದದ್ದಕ್ಕೆ ಕಾರಣ ಬರೀ ಬೆಲೆಯಲ್ಲ. 1990ರ ದಶಕದಲ್ಲಿ ಎಚ್‌ಐವಿ ಬಗ್ಗೆ ತಿಳುವಳಿಕೆ ಹರಡಿತು. ಸಲೂನಿನಲ್ಲಿ ಹೊಸ ಬ್ಲೇಡ್ ಕೇಳಿ ಪಡೆಯಿರಿ ಎಂದು ಎಲ್ಲ ಕಡೆ ಹೇಳಿದರು. ಒಬ್ಬರ ಮುಖಕ್ಕೆ ತಾಗಿದ ಕತ್ತಿಯನ್ನು ಅದೇ ಪಟ್ಟಿಗೆ ತಿಕ್ಕಿ ಇನ್ನೊಬ್ಬರಿಗೆ ಬಳಸುವುದು ನಿಲ್ಲಬೇಕಿತ್ತು, ನಿಂತದ್ದು ಒಳ್ಳೆಯದೇ ಆಯಿತು. ಇವತ್ತು ಕ್ಷೌರಿಕರು ಕಾಗದದೊಳಗಿನ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು, ಅರ್ಧವನ್ನು ಕತ್ತಿಯ ಆಕಾರದ ಹಿಡಿಕೆಗೆ ಸಿಕ್ಕಿಸುತ್ತಾರೆ. ಬೆನ್ನಿನ ಕೆಲಸವನ್ನು ಆ ಹಿಡಿಕೆ ಮಾಡುತ್ತದೆ. ಮಸೆಯುವ ವಿದ್ಯೆ ಹೋಯಿತು. ಮುಖದ ಮೇಲೆ ಕೋನ ಹಿಡಿಯುವ ವಿದ್ಯೆ ಇನ್ನೂ ಅವರ ಕೈಯಲ್ಲಿದೆ.

ಕೊನೆಯ ಪ್ರಶ್ನೆ, ಮನೆಯ ಅಟ್ಟದ ಮೇಲೆ ತಾತನ ಕಾಲದ ಇಂಥ ಯಂತ್ರ ಸಿಕ್ಕಿದೆ, ಬಳಸಬಹುದೇ ಎಂದು. ಖಂಡಿತ ಬಳಸಬಹುದು, ನೋಡಿಕೊಂಡು. ಮೊದಲು ಕಲ್ಲು ಬಿರುಕು ಬಿಟ್ಟಿದೆಯೇ ನೋಡಿ. ಚರ್ಮ ಒಣಗಿ ಸೀಳಿದ್ದರೆ ಹೊಸ ಚರ್ಮ ಅಂಟಿಸಬಹುದು. ಮೆತ್ತಗಾಗಲಿ ಎಂದು ಅಡುಗೆ ಎಣ್ಣೆ ಹಚ್ಚಬೇಡಿ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಆ ಧೂಳಿನ ಒಂದು ಕಣ ಸಾಕು ಅಂಚು ಕೆಡಿಸಲು. ಇವತ್ತಿನ ಲೇಪನದ ಬ್ಲೇಡನ್ನು ಅದರಲ್ಲಿ ಹಾಕಿ ಅದ್ಭುತ ನಿರೀಕ್ಷಿಸಬೇಡಿ. ಅದರ ಜೊತೆಗೇ ಬಂದ ಹಳೆ ದಪ್ಪ ಬ್ಲೇಡ್ ಇದ್ದರೆ, ತುಕ್ಕು ಅಂಚಿನವರೆಗೆ ಹೋಗಿಲ್ಲದಿದ್ದರೆ, ಕಲ್ಲಿನ ಮೇಲೆ ಸ್ವಲ್ಪವೇ, ಚರ್ಮದ ಮೇಲೆ ಜಾಸ್ತಿ. ಒಂದು ಯಂತ್ರ ಒಬ್ಬರಿಗೆ ಮಾತ್ರ, ಮನೆಯವರೂ ಹಂಚಿಕೊಳ್ಳಬಾರದು. ಹರಿತ ಬಂತೇ ಎಂದು ನೋಡಲು ಹೆಬ್ಬೆರಳನ್ನು ಅಂಚಿನ ಉದ್ದಕ್ಕೆ ಎಳೆಯಬೇಡಿ. ಮುಂಗೈ ಕೂದಲಿನ ಮೇಲೆ, ಚರ್ಮಕ್ಕೆ ತಾಗದಂತೆ, ಒಮ್ಮೆ ಆಡಿಸಿ. ಕೂದಲು ಬಾಗದೆ ತುಂಡಾದರೆ ಶೇವಿಂಗಿಗೆ ತಯಾರು. ಬಾಗಿದರೆ ಇನ್ನೊಂದಷ್ಟು ಎಳೆತ ಯಂತ್ರದ ಚರ್ಮದ ಮೇಲೆ ಕೊಡಿ.